‘ದೋಷ ಕಂಡುಬಂದಿಲ್ಲ’ ಎಂಬ ಚೀಟಿ ಹೊತ್ತು ವಾಪಸ್ ಬಂದ ಲ್ಯಾಪ್‌ಟಾಪ್: ವಾರಂಟಿ ಮುಗಿಯುವ ಮುನ್ನ ಏನು ಮಾಡಬಹುದು?

ಪ್ರಶ್ನೆ: ಲ್ಯಾಪ್‌ಟಾಪ್ ಕೊಂಡು ಹತ್ತು ತಿಂಗಳಾಯಿತು. ವೀಡಿಯೊ ಕಾಲ್‌ನಲ್ಲಿರುವಾಗಲೋ ದೊಡ್ಡ ಫೈಲ್ ಎಡಿಟ್ ಮಾಡುವಾಗಲೋ ಇದ್ದಕ್ಕಿದ್ದಂತೆ ಆಫ್ ಆಗುತ್ತದೆ. ಒಂದೇ ದಿನ ಎರಡು ಸಲ ಆಗಬಹುದು, ವಾರವಿಡೀ ಆಗದೆಯೂ ಇರಬಹುದು. ಕಂಪನಿಯ ಸಪೋರ್ಟ್‌ಗೆ ಫೋನ್ ಮಾಡಿದಾಗಲೆಲ್ಲ ಹೊಸಬರು ಸಿಗುತ್ತಾರೆ. ಮೊದಲಿನಿಂದ ಕಥೆ ಹೇಳಬೇಕು, ಮತ್ತದೇ ರೀಸ್ಟಾರ್ಟ್, ಅದೇ ಡ್ರೈವರ್ ಅಪ್‌ಡೇಟ್. ಅವರ ಮಾತು ಕೇಳಿ ಎರಡು ಸಲ ವಿಂಡೋಸ್ ಹೊಸದಾಗಿ ಹಾಕಿದೆ. ಸರ್ವಿಸ್ ಸೆಂಟರ್‌ಗೆ ಕಳುಹಿಸಿದರೆ ‘ಪರೀಕ್ಷಿಸಲಾಗಿದೆ, ದೋಷ ಕಂಡುಬಂದಿಲ್ಲ’ ಎಂಬ ಚೀಟಿಯ ಜೊತೆ ವಾಪಸ್ ಬಂತು. ಮೂರನೇ ದಿನ ಮತ್ತೆ ಆಫ್. ಈಗ ಮದರ್‌ಬೋರ್ಡ್ ಬದಲಿಸುತ್ತೇವೆ, ಡೇಟಾಗೆ ನಾವು ಜವಾಬ್ದಾರರಲ್ಲ ಎನ್ನುತ್ತಿದ್ದಾರೆ. ವಾರಂಟಿ ಇನ್ನೆರಡು ತಿಂಗಳು ಮಾತ್ರ. ಬೇಕಂತಲೇ ದಿನ ತಳ್ಳುತ್ತಿದ್ದಾರೆಯೇ? ಹೊರಗೆ ತೋರಿಸಿದರೆ ವಾರಂಟಿ ಹೋಗುತ್ತದೆ ಎಂದು ಸ್ನೇಹಿತರು ಹೆದರಿಸುತ್ತಾರೆ. ನಾನೇನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಯಂತ್ರಕ್ಕೆ ನಿಜವಾಗಿ ಏನಾಗಿದೆ ಎಂಬುದು ಒಂದು. ಕಂಪನಿ ನಿಮ್ಮನ್ನು ಸಾಗಹಾಕುತ್ತಿದೆಯೇ ಎಂಬುದು ಇನ್ನೊಂದು. ಎರಡು ತಿಂಗಳೊಳಗೆ ಬಗೆಹರಿಯದಿದ್ದರೆ ಖರ್ಚೆಲ್ಲ ತಲೆ ಮೇಲೆ ಬೀಳುತ್ತದಲ್ಲ ಎಂಬ ಭಯ ಮೂರನೆಯದು. ಸಪೋರ್ಟ್ ಫೋನಿನ ಆಚೆ ಬದಿಯಲ್ಲಿ ಕೆಲವು ವರ್ಷ ಕೂತು, ಆಮೇಲೆ ರಿಪೇರಿ ಬೆಂಚಿಗೆ ಬಂದವನು ನಾನು. ಎರಡೂ ಕಡೆ ನೋಡಿದ ಮೇಲೆ ಹೇಳುವುದಿಷ್ಟು: ನೀವು ಈತನಕ ಫೋನಿನಲ್ಲಿ ಸಿಕ್ಕವರನ್ನು ಒಪ್ಪಿಸಲು ಹೆಣಗಿದ್ದೀರಿ. ಆದರೆ ಬಿಡಿಭಾಗ ಕಳುಹಿಸಬೇಕೋ ಬೇಡವೋ, ಯಂತ್ರವನ್ನೇ ಬದಲಿಸಿಕೊಡಬೇಕೋ ಎಂದು ತೀರ್ಮಾನಿಸುವವರು ನಿಮ್ಮ ದನಿಯನ್ನು ಕೇಳಿಯೇ ಇಲ್ಲ. ಅವರ ಕಣ್ಣ ಮುಂದಿರುವುದು ನಿಮ್ಮ ಕೇಸಿನ ನೋಟ್. ಅದರಲ್ಲಿ ‘ಗ್ರಾಹಕರು ಆಫ್ ಆಗುತ್ತದೆ ಎನ್ನುತ್ತಾರೆ, ಓಎಸ್ ರೀಇನ್‌ಸ್ಟಾಲ್ ಮಾಡಲು ತಿಳಿಸಲಾಯಿತು’ ಎಂದಷ್ಟೇ ಇದ್ದರೆ, ನಿಮ್ಮ ಹತ್ತು ತಿಂಗಳ ಗೋಳು ಅವರ ಪಾಲಿಗೆ ಆ ಒಂದು ಸಾಲು.

ಬೇಕಂತಲೇ ದಿನ ತಳ್ಳುತ್ತಾರೆಯೇ ಎಂದು ಕೇಳಿದ್ದೀರಿ. ವಾರಂಟಿ ಮುಗಿಯುವ ತಾರೀಖು ನೋಡಿಕೊಂಡು ‘ಇವರನ್ನು ಅಲ್ಲಿಯವರೆಗೆ ಓಡಾಡಿಸಿ’ ಎಂದು ಯಾರೂ ಅಪ್ಪಣೆ ಕೊಡುವುದನ್ನು ನಾನು ಕಂಡಿಲ್ಲ. ಹಾಗೆಂದು ನಿಮ್ಮ ಅನುಮಾನ ಪೂರಾ ಹುರುಳಿಲ್ಲದ್ದೂ ಅಲ್ಲ. ಮೊದಲ ಹಂತದಲ್ಲಿ ಫೋನ್ ಎತ್ತುವವರನ್ನು ಅಳೆಯುವುದು ಕರೆ ಎಷ್ಟು ನಿಮಿಷದಲ್ಲಿ ಮುಗಿಯಿತು, ದಿನಕ್ಕೆ ಎಷ್ಟು ಕೇಸ್ ಕ್ಲೋಸ್ ಆದವು, ಎಷ್ಟು ಬಿಡಿಭಾಗ ಖರ್ಚಾದವು ಎಂಬ ಲೆಕ್ಕಗಳಿಂದ. ಈ ಲೆಕ್ಕದಲ್ಲಿ ‘ವಿಂಡೋಸ್ ಹೊಸದಾಗಿ ಹಾಕಿ ನೋಡಿ’ ಎನ್ನುವುದಕ್ಕಿಂತ ಒಳ್ಳೆಯ ಸಲಹೆ ಇನ್ನೊಂದಿಲ್ಲ. ನೀವು ಬ್ಯಾಕಪ್ ಮಾಡಿ, ಇನ್‌ಸ್ಟಾಲ್ ಮಾಡಿ, ಪ್ರೋಗ್ರಾಮುಗಳನ್ನೆಲ್ಲ ಮತ್ತೆ ಹಾಕಿಕೊಳ್ಳುವಷ್ಟರಲ್ಲಿ ಅರ್ಧ ದಿನ ಹೋಗುತ್ತದೆ. ಅವರ ಕರೆ ಮಾತ್ರ ಐದು ನಿಮಿಷದಲ್ಲಿ ಮುಗಿದಿರುತ್ತದೆ, ಬಿಡಿಭಾಗವೂ ಉಳಿಯಿತು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಅಂತಾರಲ್ಲ, ಅದೇ ಲೆಕ್ಕ. ಸಮಸ್ಯೆ ಮರುಕಳಿಸಿದಾಗ ಆ ಕರೆ ಬೇರೆ ಯಾರದ್ದೋ ಕಿವಿಗೆ ಬೀಳುತ್ತದೆ. ಸಂಚು ಯಾರದ್ದೂ ಅಲ್ಲ, ಫಲ ಮಾತ್ರ ನೀವು ಅನುಭವಿಸಿದ್ದೇ.

ಫೋನಿನಲ್ಲಿ ಮಾತಾಡುವವರಿಗೆ ಏನೂ ಗೊತ್ತಿರುವುದಿಲ್ಲ, ಬರೆದುಕೊಟ್ಟಿದ್ದನ್ನು ಗಿಣಿಪಾಠ ಒಪ್ಪಿಸುತ್ತಾರೆ ಎಂಬ ಮಾತೂ ಇದೆ. ಪಾಠ ಇರುವುದು ನಿಜ. ಅವರ ಪರದೆಯ ಮೇಲೆ ಒಂದು ಹೆಜ್ಜೆಗೆ ‘ಮಾಡಲಾಯಿತು’ ಎಂದು ಗುರುತು ಹಾಕದೆ ಮುಂದಿನ ಹೆಜ್ಜೆ ತೆರೆಯದಂಥ ವ್ಯವಸ್ಥೆ ಎಷ್ಟೋ ಕಡೆ ಇರುತ್ತದೆ. ದೋಷ ಮದರ್‌ಬೋರ್ಡಿನದ್ದೇ, ಅಂದರೆ ಎಲ್ಲ ಭಾಗಗಳನ್ನೂ ಜೋಡಿಸುವ ಮುಖ್ಯ ಫಲಕದ್ದೇ, ಎಂದು ಅವರಿಗೆ ಮೊದಲ ನಿಮಿಷದಲ್ಲೇ ಹೊಳೆದರೂ ಬೋರ್ಡ್ ಆರ್ಡರ್ ಮಾಡುವ ಬಟನ್ ಅವರ ಕೈಯಲ್ಲಿ ಇರುವುದಿಲ್ಲ. ಇನ್ನೊಂದು ಮಾತನ್ನೂ ಹೇಳಬೇಕು: ಸಡಿಲವಾದ ಕೇಬಲ್, ಅರ್ಧಕ್ಕೆ ನಿಂತ ಅಪ್‌ಡೇಟ್, ಹಾಳಾದ ಪವರ್ ಸ್ಟ್ರಿಪ್‌ನಂಥ ಕಾರಣಗಳಿಗೆ ಬರುವ ಕರೆಗಳು ಬಹಳ. ಅವಕ್ಕೆ ಆ ಮೂಲಪಾಠವೇ ಮದ್ದು. ನಿಮ್ಮಂಥ ಕೇಸಿಗೆ ಮಾತ್ರ ಅದು ಕೆಲಸಕ್ಕೆ ಬಾರದು.

ಯಾಕೆಂದರೆ ನಿಮ್ಮದು ಆಗಾಗ ಬಂದು ಹೋಗುವ ದೋಷ. ಡಾಕ್ಟರ ಮುಂದೆ ಕೂತೊಡನೆ ಮಾಯವಾಗುವ ಹಲ್ಲುನೋವಿನ ಹಾಗೆ. ಸರ್ವಿಸ್ ಡಿಪೋದಲ್ಲಿ ನಿಮ್ಮ ಯಂತ್ರಕ್ಕೆ ಏನು ನಡೆಯುತ್ತದೆ ಎಂದು ತಿಳಿದರೆ ಆ ಚೀಟಿ ಹೇಗೆ ಬಂತೆಂಬುದು ಅರ್ಥವಾಗುತ್ತದೆ. ಅಲ್ಲಿ ತಂಪಾದ ಕೋಣೆ, ಸಮತಟ್ಟಾದ ಬೆಂಚು, ಅವರದೇ ಚಾರ್ಜರ್, ಎಷ್ಟೋ ಸಲ ಅವರದೇ ಪರೀಕ್ಷಾ ಡ್ರೈವ್. ಕಂಪನಿಯ ಡಯಾಗ್ನೋಸ್ಟಿಕ್ ಪ್ರೋಗ್ರಾಮ್ ಓಡಿಸುತ್ತಾರೆ. ಅದು ಮೆಮೊರಿ, ಡಿಸ್ಕ್, ಫ್ಯಾನ್, ಬ್ಯಾಟರಿಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತದೆ. ನೀವು ವೀಡಿಯೊ ಕಾಲ್ ಮಾಡುವಾಗ ಕ್ಯಾಮೆರಾ, ವೈಫೈ, ಗ್ರಾಫಿಕ್ಸ್, ಪ್ರೊಸೆಸರ್ ಎಲ್ಲವೂ ಏಕಕಾಲಕ್ಕೆ ಕರೆಂಟ್ ಎಳೆಯುತ್ತವೆ, ಒಳಗೆ ಬಿಸಿ ಏರುತ್ತಾ ಹೋಗುತ್ತದೆ. ಆ ಹೊರೆ ಡಯಾಗ್ನೋಸ್ಟಿಕ್‌ನಲ್ಲಿ ಹುಟ್ಟುವುದೇ ಇಲ್ಲ. ಹಸಿರು ಟಿಕ್ ಬಂತು, ಪ್ಯಾಕ್ ಮಾಡಿ ಕಳುಹಿಸಿದರು. ಅವರು ನೋಡಿದ ಹೊತ್ತಿನಲ್ಲಿ ದೋಷ ಕಾಣಲಿಲ್ಲ ಎಂಬುದು ಸತ್ಯ. ಯಂತ್ರದಲ್ಲಿ ದೋಷವಿಲ್ಲ ಎಂಬ ಅರ್ಥ ಅದಕ್ಕಿಲ್ಲ. ಮುಂದಿನ ಕರೆಯಲ್ಲಿ ಯಾರಾದರೂ ಆ ಚೀಟಿಯನ್ನು ನಿಮ್ಮ ವಿರುದ್ಧ ಸಾಕ್ಷಿಯ ಹಾಗೆ ಓದಿದರೆ ‘ಯಾವ ಹೊರೆ ಹಾಕಿ, ಎಷ್ಟು ಹೊತ್ತು, ಯಾರ ಚಾರ್ಜರ್‌ನಲ್ಲಿ ಪರೀಕ್ಷಿಸಿದಿರಿ’ ಎಂದು ಕೇಳಿ, ಆ ಉತ್ತರ ನೋಟ್‌ಗೆ ಸೇರುವಂತೆ ನೋಡಿಕೊಳ್ಳಿ. ಅಂದ ಹಾಗೆ, ಯಂತ್ರದ ಜೊತೆ ಚಾರ್ಜರ್ ಕಳುಹಿಸಿದ್ದಿರಾ? ಕಳುಹಿಸದಿದ್ದರೆ ಅದನ್ನು ಈತನಕ ಯಾರೂ ಪರೀಕ್ಷಿಸಿಲ್ಲ.

ಪರದೆಯ ಮೇಲೆ ಬರುವ ಸಂದೇಶ ಒಂದು ಕಡೆ ಬೆರಳು ತೋರಿಸಿ, ದೋಷ ಇನ್ನೊಂದು ಕಡೆ ಇರುವುದಕ್ಕೆ ಈಚಿನ ದೊಡ್ಡ ಉದಾಹರಣೆ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳದ್ದು. ಗೇಮ್‌ಗಳು ‘ವೀಡಿಯೊ ಮೆಮೊರಿ ಸಾಲದು’ ಎಂದು ಹೇಳಿ ಕುಸಿಯುತ್ತಿದ್ದವು. ಜನ ಗ್ರಾಫಿಕ್ಸ್ ಕಾರ್ಡ್‌ನ ಡ್ರೈವರ್ ಬದಲಿಸಿ ಬದಲಿಸಿ ಬಳಲಿದರು, ಕೆಲವರು ಕಾರ್ಡನ್ನೇ ಬದಲಿಸಿದರು. ಪ್ರೊಸೆಸರ್‌ಗೆ ಹೋಗಬೇಕಾದ್ದಕ್ಕಿಂತ ಹೆಚ್ಚಿನ ವೋಲ್ಟೇಜ್ ಹೋಗುತ್ತಿದೆ ಎಂದು ಇಂಟೆಲ್ ಹೇಳಿದ್ದು 2024ರ ಜುಲೈನಲ್ಲಿ. ಆಗಸ್ಟ್‌ನಿಂದ ಬಯೋಸ್ (ಆನ್ ಮಾಡಿದೊಡನೆ ವಿಂಡೋಸ್‌ಗಿಂತ ಮೊದಲು ಓಡುವ ಮೂಲ ಪ್ರೋಗ್ರಾಮ್) ಅಪ್‌ಡೇಟ್‌ಗಳ ಮೂಲಕ ಮೈಕ್ರೋಕೋಡ್, ಅಂದರೆ ಪ್ರೊಸೆಸರ್‌ನ ಒಳಗಿನ ಸೂಚನೆಗಳ, ತಿದ್ದುಪಡಿ ಬಂತು, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿದರು. ಆದರೆ ಅಷ್ಟರೊಳಗೆ ಕೆಟ್ಟಿದ್ದ ಚಿಪ್‌ಗಳನ್ನು ಆ ತಿದ್ದುಪಡಿ ಸರಿ ಮಾಡಲಿಲ್ಲ, ಅವನ್ನು ಬದಲಿಸಲೇಬೇಕಿತ್ತು. 2008ರಲ್ಲಿ ಎನ್ವಿಡಿಯಾದ ಕೆಲವು ಲ್ಯಾಪ್‌ಟಾಪ್ ಗ್ರಾಫಿಕ್ಸ್ ಚಿಪ್‌ಗಳ ಪ್ಯಾಕೇಜಿಂಗ್ ಬಿರುಕು ಬಿಟ್ಟಾಗಲೂ ಲ್ಯಾಪ್‌ಟಾಪ್ ತಯಾರಕರು ಮೊದಲು ಕೊಟ್ಟದ್ದು ಫ್ಯಾನ್ ಹೆಚ್ಚು ಹೊತ್ತು ತಿರುಗುವಂತೆ ಮಾಡುವ ಬಯೋಸ್ ಅಪ್‌ಡೇಟ್. ಇಂಥ ಸಾಮೂಹಿಕ ದೋಷ ಮೊದಮೊದಲು ಚದುರಿದ ಒಂಟಿ ದೂರುಗಳಾಗಿಯೇ ಕಾಣುತ್ತದೆ. ಎಲ್ಲರಿಗೂ ಅದೇ ರೀಇನ್‌ಸ್ಟಾಲ್ ಸಲಹೆ ಸಿಗುತ್ತಿರುತ್ತದೆ, ಎಲ್ಲರೂ ತಮ್ಮ ಯಂತ್ರವೇ ದುರದೃಷ್ಟದ್ದು ಅಂದುಕೊಳ್ಳುತ್ತಾರೆ. ಆದ್ದರಿಂದ ನಿಮ್ಮ ಮಾಡೆಲ್ ಹೆಸರಿನ ಮೇಲೆ ತಯಾರಕರು ವಿಸ್ತೃತ ವಾರಂಟಿಯನ್ನಾಗಲಿ ಉಚಿತ ಬದಲಿ ಯೋಜನೆಯನ್ನಾಗಲಿ ಪ್ರಕಟಿಸಿದ್ದಾರೆಯೇ ಎಂದು ಅವರದೇ ಸಪೋರ್ಟ್ ಪುಟದಲ್ಲಿ ಸೀರಿಯಲ್ ನಂಬರ್ ಹಾಕಿ ನೋಡಿ. ಫೋನ್ ಎತ್ತುವವರಿಗೆ ಅದು ಗೊತ್ತಿರುತ್ತದೆ ಎಂದು ನಂಬಿ ಕೂರಬೇಡಿ.

ಈಗ ನಿಮ್ಮ ಯಂತ್ರಕ್ಕೆ ಬರೋಣ. ಎರಡು ಸಲ ವಿಂಡೋಸ್ ಹಾಕಿದ್ದು ದಂಡವಾಯಿತು ಎಂದು ಬೇಸರಿಸಬೇಡಿ. ಹೊಚ್ಚ ಹೊಸ ವಿಂಡೋಸ್‌ನಲ್ಲೂ ಆಫ್ ಆಗಿದೆ ಎಂಬುದೇ ನಿಮ್ಮ ಕೈಯಲ್ಲಿರುವ ಮೊದಲ ಪುರಾವೆ. ಎರಡನೆಯದು ಯಂತ್ರದ ಒಳಗೇ ಇದೆ. ಸ್ಟಾರ್ಟ್ ಮೆನುವಿನಲ್ಲಿ ರಿಲಯಬಿಲಿಟಿ ಎಂದು ಹುಡುಕಿದರೆ ರಿಲಯಬಿಲಿಟಿ ಮಾನಿಟರ್ ತೆರೆಯುತ್ತದೆ. ದಿನಾಂಕವಾರು ಗ್ರಾಫ್, ಕುಸಿದ ದಿನಗಳಲ್ಲಿ ಕೆಂಪು ಗುರುತು. ಅದರ ಸ್ಕ್ರೀನ್‌ಶಾಟ್ ತೆಗೆಯಿರಿ. ತಂತ್ರಜ್ಞಾನ ಗೊತ್ತಿಲ್ಲದವರಿಗೂ ಅರ್ಥವಾಗುವ ಚಿತ್ರ ಅದು.

ಇನ್ನೂ ಒಳಕ್ಕೆ ಹೋಗಬೇಕೆಂದರೆ ವಿಂಡೋಸ್ ತನ್ನ ಘಟನೆಗಳನ್ನು ಬರೆದಿಡುವ ಇವೆಂಟ್ ವ್ಯೂವರ್‌ನಲ್ಲಿ ಸಿಸ್ಟಮ್ ಲಾಗ್ ತೆರೆದು ‘ಕರ್ನಲ್-ಪವರ್ 41’ ಎಂಬ ನಮೂದನ್ನು ಹುಡುಕಿ. ಬಹಳ ಮಂದಿ, ಕೆಲವು ಸಪೋರ್ಟ್‌ನವರೂ ಸೇರಿ, ಇದನ್ನೇ ಕಾರಣ ಎಂದುಕೊಂಡು ‘ನಿಮಗೆ ಪವರ್ ಎರರ್ ಇದೆ’ ಎನ್ನುತ್ತಾರೆ. ಆ ನಮೂದು ಹೇಳುವುದು ಹಿಂದಿನ ಸಲ ಯಂತ್ರ ಸರಿಯಾಗಿ ಶಟ್‌ಡೌನ್ ಆಗಿರಲಿಲ್ಲ ಎಂದಷ್ಟೆ. ನೀವು ನೋಡಬೇಕಾದ್ದು ಡೀಟೇಲ್ಸ್ ಎಂಬ ಟ್ಯಾಬ್. ಅಲ್ಲಿ ಬಗ್‌ಚೆಕ್ ಕೋಡ್ ಎಂಬುದರ ಮುಂದೆ ಸೊನ್ನೆಯಲ್ಲದ ಸಂಖ್ಯೆ ಇದ್ದರೆ, ವಿಂಡೋಸ್‌ಗೆ ಸಾಯುವ ಮುನ್ನ ಕಾರಣ ಬರೆದಿಡಲು ಕ್ಷಣವಾದರೂ ಸಿಕ್ಕಿದೆ. ಆ ಸಂಖ್ಯೆ ಡ್ರೈವರ್ ಕಡೆಗೋ ಮೆಮೊರಿ ಕಡೆಗೋ ದಾರಿ ತೋರಿಸಬಹುದು. ಅದರ ಮುಂದೆ ಸೊನ್ನೆ, ಪವರ್ ಬಟನ್ ಟೈಮ್‌ಸ್ಟ್ಯಾಂಪ್ ಮುಂದೆಯೂ ಸೊನ್ನೆ ಇದ್ದರೆ, ಬಟನ್ ಒತ್ತಿ ಆಫ್ ಮಾಡಿದ ದಾಖಲೆಯೂ ಇಲ್ಲ, ವಿಂಡೋಸ್‌ಗೆ ಒಂದಕ್ಷರ ಬರೆಯುವಷ್ಟು ಸಮಯವೂ ಸಿಗಲಿಲ್ಲ. ಆಗ ಅನುಮಾನ ಹಾರ್ಡ್‌ವೇರ್ ಕಡೆ ವಾಲುತ್ತದೆ: ವಿದ್ಯುತ್ ಪೂರೈಕೆ, ಬಿಸಿ, ಮೆಮೊರಿ ಅಥವಾ ಬೋರ್ಡ್. ಅದೇ ಲಾಗ್‌ನಲ್ಲಿ ‘ಡಬ್ಲ್ಯುಎಚ್‌ಇಎ-ಲಾಗರ್’ ಎಂಬ ನಮೂದುಗಳಿದ್ದರೆ ಅವನ್ನೂ ಉಳಿಸಿಕೊಳ್ಳಿ. ಅದು ಹಾರ್ಡ್‌ವೇರ್ ತಾನೇ ಒಪ್ಪಿಸಿದ ದೂರು.

ಆಮೇಲೆ ಎರಡು ಸರಳ ಪ್ರಯೋಗ. ಚಾರ್ಜರ್ ತೆಗೆದು ಬರೀ ಬ್ಯಾಟರಿಯಲ್ಲಿ ವೀಡಿಯೊ ಕಾಲ್ ಮಾಡಿ, ಆಮೇಲೆ ಚಾರ್ಜರ್ ಹಾಕಿಕೊಂಡು ಅದನ್ನೇ ಮಾಡಿ. ಬ್ಯಾಟರಿಯಲ್ಲಿ ಮಾತ್ರ ಆಫ್ ಆದರೆ ಬ್ಯಾಟರಿಯ ಸೆಲ್ ದುರ್ಬಲವಾಗಿದ್ದು, ಹೊರೆ ಬಿದ್ದೊಡನೆ ವೋಲ್ಟೇಜ್ ಕುಸಿಯುತ್ತಿರಬಹುದು. ಚಾರ್ಜರ್ ಹಾಕಿದಾಗ ಮಾತ್ರವಾದರೆ ಚಾರ್ಜರ್, ಅದರ ಪಿನ್ ಅಥವಾ ಚಾರ್ಜಿಂಗ್ ಪೋರ್ಟ್ ಮೇಲೆ ಕಣ್ಣಿಡಿ. ಎರಡರಲ್ಲೂ ಆದರೆ ಬಿಸಿ, ಮೆಮೊರಿ, ಬೋರ್ಡ್. ಬಿಸಿಯ ಅನುಮಾನವಿದ್ದರೆ ಎಚ್‌ಡಬ್ಲ್ಯು-ಇನ್ಫೋದಂಥ ಉಚಿತ ಪ್ರೋಗ್ರಾಮಿನಲ್ಲಿ ತಾಪಮಾನವನ್ನು ಫೈಲಿಗೆ ಬರೆಯುವಂತೆ ಬಿಟ್ಟಿರಿ. ಯಂತ್ರ ಆಫ್ ಆದ ಮೇಲೆ ಆ ಫೈಲಿನ ಕೊನೆಯ ಸಾಲು ಏನು ಹೇಳುತ್ತದೆ ನೋಡಿ. ನೂರು ಡಿಗ್ರಿಯ ಸುತ್ತಮುತ್ತ ಇದ್ದರೆ ಕಥೆ ಒಂದು, ಅರವತ್ತಕ್ಕೇ ಆಫ್ ಆಗಿದ್ದರೆ ಕಥೆಯೇ ಬೇರೆ. ಈ ಪರೀಕ್ಷೆಗಳ ನಡುವೆ ಟಚ್‌ಪ್ಯಾಡ್ ಉಬ್ಬಿರುವುದೋ ಕೆಳಭಾಗ ಬಾಗಿರುವುದೋ ಕಂಡರೆ ಅಲ್ಲಿಗೇ ನಿಲ್ಲಿಸಿ. ಅದು ಊದಿದ ಬ್ಯಾಟರಿ. ಚಾರ್ಜ್ ಮಾಡಬೇಡಿ, ಒತ್ತಬೇಡಿ, ಚುಚ್ಚಬೇಡಿ. ಕಂಪನಿಗೆ ಫೋನ್ ಮಾಡಿ ‘ಬ್ಯಾಟರಿ ಊದಿದೆ’ ಎಂದೇ ಹೇಳಿ. ಸುರಕ್ಷತೆಯ ಮಾತು ಬಂದರೆ ಕೇಸ್ ಬೇರೆ ಸಾಲಿಗೆ ಹೋಗುತ್ತದೆ.

ಎರಡನೇ ಪ್ರಯೋಗ ಇನ್ನೂ ಬಲವಾದದ್ದು. ಉಬುಂಟುವಿನಂಥ ಲಿನಕ್ಸ್ (ವಿಂಡೋಸ್ ಬದಲಿಗೆ ಓಡಿಸಬಹುದಾದ ಉಚಿತ ಓಎಸ್) ಒಂದನ್ನು ಪೆನ್‌ಡ್ರೈವ್‌ಗೆ ಹಾಕಿ, ಇನ್‌ಸ್ಟಾಲ್ ಮಾಡದೆ ‘ಟ್ರೈ’ ಎಂಬ ಆಯ್ಕೆಯಲ್ಲಿ ಅಲ್ಲಿಂದಲೇ ಓಡಿಸಿ, ಬ್ರೌಸರ್‌ನಲ್ಲಿ ವೀಡಿಯೊ ಕಾಲ್ ಮಾಡಿ. ನಿಮ್ಮ ಡಿಸ್ಕನ್ನು ಇದು ಮುಟ್ಟುವುದಿಲ್ಲ. ಅಲ್ಲೂ ಆಫ್ ಆಯಿತು ಅಂದರೆ ವಿಂಡೋಸ್, ಡ್ರೈವರ್, ವೈರಸ್ ಎಂಬ ಮಾತೆಲ್ಲ ಅಲ್ಲಿಗೆ ಮುಗಿಯಿತು. ಇನ್ನೊಂದು ಫೋನಿನಲ್ಲಿ ಅದನ್ನು ವೀಡಿಯೊ ಮಾಡಿಕೊಳ್ಳಿ. ಯಂತ್ರದ ಸೀರಿಯಲ್ ನಂಬರ್ ತೋರಿಸಿ, ಕ್ಯಾಮೆರಾ ನಿಲ್ಲಿಸದೆ ಪರದೆಯತ್ತ ತಿರುಗಿಸಿ, ಆಫ್ ಆಗುವವರೆಗೆ ಬಿಡಿ. ತುಂಡು ತುಂಡು ವೀಡಿಯೊಗಿಂತ ಒಂದೇ ಓಟದ ವೀಡಿಯೊಗೆ ಎರಡನೇ ಹಂತದ ಎಂಜಿನಿಯರ್ ಕಿವಿಗೊಡುತ್ತಾರೆ. ಮುನ್ನೆಚ್ಚರಿಕೆ ಒಂದಿದೆ: ಪೆನ್‌ಡ್ರೈವ್‌ನಿಂದ ಬೂಟ್ ಮಾಡಲು ಬಯೋಸ್ ಸೆಟ್ಟಿಂಗ್ ಮುಟ್ಟಿದರೆ, ಆಮೇಲೆ ವಿಂಡೋಸ್ ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕಿಡುವ ವ್ಯವಸ್ಥೆ) ರಿಕವರಿ ಕೀ ಕೇಳಬಹುದು. 48 ಅಂಕಿಗಳ ಆ ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಮೊದಲೇ ಹುಡುಕಿ ಕಾಗದದ ಮೇಲೆ ಬರೆದುಕೊಳ್ಳಿ. ಬೋರ್ಡ್ ಬದಲಿಸುವಾಗಲೂ ಅದು ಬೇಕಾಗುತ್ತದೆ.

ಕಂಪನಿಯ ಡಯಾಗ್ನೋಸ್ಟಿಕ್‌ಅನ್ನೂ ನೀವೇ ಓಡಿಸಬಹುದು. ಡೆಲ್ ಯಂತ್ರಗಳಲ್ಲಿ ಆನ್ ಮಾಡಿದೊಡನೆ ಎಫ್12 ಒತ್ತಿದರೆ ಬರುವ ಮೆನುವಿನಲ್ಲಿ, ಎಚ್‌ಪಿಯಲ್ಲಿ ಎಫ್2 ಒತ್ತಿದರೆ ಅದು ಸಿಗುತ್ತದೆ. ಪಾಸ್ ಆದರೆ ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಫೇಲ್ ಆದರೆ ಒಂದು ದೋಷದ ಕೋಡ್ ಕೊಡುತ್ತದೆ. ಆ ಕೋಡ್ ಓದಿ ಹೇಳಿದರೆ ಎಷ್ಟೋ ಪ್ರಶ್ನೆಗಳು ತಾವಾಗಿಯೇ ಮುಗಿಯುತ್ತವೆ, ಏಕೆಂದರೆ ಅದು ಅವರದೇ ಯಂತ್ರ ಅವರದೇ ಭಾಷೆಯಲ್ಲಿ ಹೇಳಿದ್ದು.

ಇಷ್ಟು ಕೈಯಲ್ಲಿಟ್ಟುಕೊಂಡು ದೂರು ಬರೆಯಿರಿ. ಫೋನಿಗಿಂತ ಚಾಟ್ ಅಥವಾ ಇಮೇಲ್ ಮೇಲು, ಮಾತು ದಾಖಲೆಯಾಗಿ ಉಳಿಯುತ್ತದೆ. ಜನ ಸಾಮಾನ್ಯವಾಗಿ ಬರೆಯುವುದು ಹೀಗೆ: ‘ಲ್ಯಾಪ್‌ಟಾಪ್ ಸರಿಯಿಲ್ಲ, ಸ್ಲೋ ಆಗಿದೆ, ಆಗಾಗ ಆಫ್ ಆಗುತ್ತೆ, ಸ್ಪೀಕರ್‌ನಲ್ಲೂ ಸದ್ದು, ಎಷ್ಟು ಸಲ ಹೇಳೋದು?’ ಇದರಲ್ಲಿ ನಾಲ್ಕು ದೂರು, ಒಂದು ಸಿಟ್ಟು. ಡಿಪೋದಲ್ಲಿ ಕೂತವರು ಸುಲಭದ್ದನ್ನು, ಅಂದರೆ ಸ್ಪೀಕರನ್ನು, ಬದಲಿಸಿ ಕೇಸ್ ಮುಚ್ಚುತ್ತಾರೆ. ಒಂದು ಕೇಸಿಗೆ ಒಂದೇ ದೂರು ಸಾಕು. ನಾನಾದರೆ ಹೀಗೆ ಬರೆಯುತ್ತೇನೆ: ‘ಚಾರ್ಜರ್ ಹಾಕಿದಾಗಲೂ ಬರೀ ಬ್ಯಾಟರಿಯಲ್ಲೂ, ವೀಡಿಯೊ ಕಾಲ್ ಶುರುವಾದ ಅರ್ಧ ಗಂಟೆಯೊಳಗೆ ಯಂತ್ರ ಏಕಾಏಕಿ ಆಫ್ ಆಗುತ್ತದೆ. ನೀಲಿ ಪರದೆ ಬರುವುದಿಲ್ಲ. ಹೊಸದಾಗಿ ಹಾಕಿದ ವಿಂಡೋಸ್‌ನಲ್ಲೂ ಪೆನ್‌ಡ್ರೈವ್‌ನಿಂದ ಓಡಿಸಿದ ಲಿನಕ್ಸ್‌ನಲ್ಲೂ ಆಗಿದೆ. ಕರ್ನಲ್-ಪವರ್ 41, ಬಗ್‌ಚೆಕ್ ಕೋಡ್ ಸೊನ್ನೆ. ದಿನಾಂಕಗಳು ಮತ್ತು ವೀಡಿಯೊ ಲಗತ್ತಿಸಿದ್ದೇನೆ. ಹಿಂದಿನ ಕೇಸ್ ನಂಬರ್ ಇದು, ದಯವಿಟ್ಟು ಹೊಸ ಕೇಸ್ ತೆರೆಯದೆ ಇದನ್ನೇ ಮುಂದುವರಿಸಿ, ಎರಡನೇ ಹಂತಕ್ಕೆ ಕಳುಹಿಸಿ.’ ನಿಮ್ಮ ಯಂತ್ರದಲ್ಲಿ ಕಂಡದ್ದನ್ನು ಮಾತ್ರ ಬರೆಯಿರಿ. ಮಾಡದ ಪರೀಕ್ಷೆಯನ್ನು ಮಾಡಿದೆ ಅಂದರೆ ಡಿಪೋದ ಲಾಗ್‌ನಲ್ಲಿ ಸಿಕ್ಕಿಬೀಳುತ್ತೀರಿ, ಆಮೇಲೆ ನಿಮ್ಮ ನಿಜಕ್ಕೂ ಬೆಲೆ ಇರುವುದಿಲ್ಲ.

ಹಳೇ ಕೇಸನ್ನೇ ಮುಂದುವರಿಸಿ ಎಂದು ಪಟ್ಟು ಹಿಡಿಯುವುದಕ್ಕೆ ಕಾರಣವಿದೆ. ಪ್ರತಿ ಸಲ ಹೊಸ ನಂಬರ್ ಕೊಟ್ಟರೆ ದಾಖಲೆಯಲ್ಲಿ ನಿಮ್ಮದು ‘ಮರುಕಳಿಸಿದ ದೋಷ’ ಆಗುವುದೇ ಇಲ್ಲ, ಪ್ರತಿ ಸಲವೂ ಹೊಚ್ಚ ಹೊಸ ದೂರು. ಯಂತ್ರ ಬದಲಿಸಿಕೊಡುವ ಮಾತು ಏಳುವುದು ಒಂದೇ ದೋಷಕ್ಕೆ ರಿಪೇರಿಯ ಮೇಲೆ ರಿಪೇರಿ ಸೋತಿದೆ ಎಂದು ಕಂಡಾಗ. ಇನ್ನೊಂದು ಸಣ್ಣ ವಿಷಯ: ಗ್ರಾಹಕರಿಂದ ಪ್ರತಿಕ್ರಿಯೆ ಬಂದಿಲ್ಲ ಎಂದು ಕೇಸ್ ತಾನಾಗಿ ಮುಚ್ಚಿಹೋಗುವುದುಂಟು. ಗುರುತಿಲ್ಲದ ನಂಬರಿನಿಂದ ಬಂದ ಕರೆಯನ್ನು ನೀವು ಎತ್ತಿರುವುದಿಲ್ಲ, ಅಷ್ಟೆ. ಇಮೇಲ್‌ನ ಸ್ಪ್ಯಾಮ್ ಡಬ್ಬಿಯನ್ನೂ ಇಣುಕುತ್ತಿರಿ. ಕರೆ ಮುಗಿಸುವ ಮುನ್ನ ‘ಈಗ ಏನು ನೋಟ್ ಬರೆದಿರಿ, ಓದಿ ಹೇಳುತ್ತೀರಾ’ ಎಂದು ಸಮಾಧಾನದಿಂದ ಕೇಳಿ. ಆ ಪ್ರಶ್ನೆ ಕೇಳಿದರೆ ನೋಟ್ ಉದ್ದವಾಗುವುದನ್ನು ನಾನು ಆ ಕುರ್ಚಿಯಲ್ಲಿ ಕೂತೇ ನೋಡಿದ್ದೇನೆ. ಕೊನೆಗೆ ಬರುವ ಸರ್ವೆಯ ಅಂಕ ಬಹುತೇಕ ಆ ಉದ್ಯೋಗಿಯ ಲೆಕ್ಕಕ್ಕೆ ಹೋಗುತ್ತದೆ, ನೀತಿ ಮಾಡಿದವರಿಗೆ ತಟ್ಟುವುದಿಲ್ಲ. ಒಳ್ಳೆಯವರು ಸಿಕ್ಕರೆ ಒಳ್ಳೆಯ ಅಂಕ ಕೊಡಿ.

ವಾರಂಟಿಯ ಗಡುವಿನ ಬಗ್ಗೆ: ಸಾಮಾನ್ಯವಾಗಿ ವಾರಂಟಿ ಅವಧಿಯೊಳಗೆ ದಾಖಲಾಗಿ ಇನ್ನೂ ತೆರೆದಿರುವ ದೂರನ್ನು ಅವಧಿ ಮುಗಿದ ಮೇಲೂ ಮುಂದುವರಿಸುತ್ತಾರೆ. ಆದರೆ ಅದು ನಿಮ್ಮ ಕಂಪನಿಯಲ್ಲೂ ಹೌದೇ ಎಂದು ಈಗಲೇ ಬರಹದಲ್ಲಿ ಕೇಳಿ, ಉತ್ತರವನ್ನು ಇಟ್ಟುಕೊಳ್ಳಿ. ರಿಪೇರಿಯಲ್ಲಿ ಹಾಕಿದ ಭಾಗಕ್ಕೆ ಪ್ರತ್ಯೇಕ ವಾರಂಟಿ ಇರುತ್ತದೆಯೇ ಎಂಬುದನ್ನೂ ಕೇಳಿ. ಎಷ್ಟೋ ಕಂಪನಿಗಳು 90 ದಿನ ಕೊಡುತ್ತವೆ. ವಿಸ್ತೃತ ವಾರಂಟಿ ಕೊಳ್ಳುವ ಯೋಚನೆ ಇದ್ದರೆ ಮೂಲ ವಾರಂಟಿ ಜೀವಂತವಾಗಿರುವಾಗಲೇ ಕೊಳ್ಳಬೇಕಾಗುತ್ತದೆ. ಸಾಮಾನ್ಯವಾಗಿ ನಾನು ಅದನ್ನು ಕೊಳ್ಳಿ ಎನ್ನುವವನಲ್ಲ. ದೋಷ ಬಗೆಹರಿಯದೆ ಉಳಿದ ಯಂತ್ರಕ್ಕೆ ಮಾತ್ರ ಅದು ಸಮಯ ಕೊಂಡ ಹಾಗೆ. ಆದರೆ ‘ಮೊದಲೇ ಇದ್ದ ದೋಷಗಳಿಗೆ ಅನ್ವಯಿಸುವುದಿಲ್ಲ’ ಎಂಬ ಸಾಲು ಇದೆಯೇ ಎಂದು ಓದಿಯೇ ದುಡ್ಡು ಕಟ್ಟಿ. ತಯಾರಕರದ್ದಲ್ಲದ, ಅಂಗಡಿ ಮಾರುವ ಪ್ಲಾನ್‌ಗಳಲ್ಲಿ ಇದನ್ನು ಎರಡು ಸಲ ಓದಿ.

ಮದರ್‌ಬೋರ್ಡ್ ಬದಲಾವಣೆಗೆ ಒಪ್ಪಬೇಕೆ? ಪರೀಕ್ಷೆಗಳು ಹಾರ್ಡ್‌ವೇರ್ ಕಡೆಗೇ ತೋರಿಸಿದರೆ ಒಪ್ಪಿ, ಆದರೆ ಕಣ್ಣು ಬಿಟ್ಟುಕೊಂಡು ಒಪ್ಪಿ. ಹಾಕುವ ಬೋರ್ಡ್ ಹೊಸದೇ ಆಗಿರಬೇಕೆಂದಿಲ್ಲ. ‘ಹೊಸದು ಅಥವಾ ಹೊಸದಕ್ಕೆ ಸಮನಾದದ್ದು’ ಎಂಬ ಮಾತು ವಾರಂಟಿ ಷರತ್ತಿನಲ್ಲಿ ಹೆಚ್ಚುಕಡಿಮೆ ಎಲ್ಲೆಡೆ ಇರುತ್ತದೆ, ಅಂದರೆ ರಿಪೇರಿ ಮಾಡಿ ಪಾಸಾದ ಬೋರ್ಡೂ ಬರಬಹುದು. ಡೇಟಾ ವಿಷಯದಲ್ಲಿ ಅವರು ಹೇಳಿದ್ದನ್ನು ನಂಬಿ: ನಿಜಕ್ಕೂ ಯಾರೂ ಜವಾಬ್ದಾರರಲ್ಲ. ಎಸ್‌ಎಸ್‌ಡಿ, ಅಂದರೆ ಡೇಟಾ ಉಳಿಯುವ ಡಿಸ್ಕ್, ಬೇರೆ ಕಾರ್ಡ್ ಆಗಿದ್ದರೆ ಅದು ಉಳಿಯುತ್ತದೆ, ಆದರೆ ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದು ಕೀಲಿ ಹಳೇ ಬೋರ್ಡಿನ ಚಿಪ್‌ನಲ್ಲಿ ಇದ್ದರೆ ಹೊಸ ಬೋರ್ಡ್ ಆ 48 ಅಂಕಿ ಕೇಳುತ್ತದೆ. ಸ್ಟೋರೇಜ್ ಬೋರ್ಡಿಗೇ ಬೆಸುಗೆಯಾಗಿರುವ ಮಾಡೆಲ್‌ಗಳಲ್ಲಿ ಬೋರ್ಡಿನ ಜೊತೆ ಡೇಟಾವೂ ಹೋಯಿತು. ಬ್ಯಾಕಪ್ ತೆಗೆದು, ಇನ್ನೊಂದು ಕಂಪ್ಯೂಟರಿನಲ್ಲಿ ಅದರಿಂದ ನಾಲ್ಕಾರು ಫೈಲ್ ತೆರೆದು ನೋಡಿ, ಆಮೇಲೆ ಯಂತ್ರ ಕೊಡಿ. ಸಾಧ್ಯವಾದರೆ ಡಿಸ್ಕ್ ಅಳಿಸಿಯೇ ಕೊಡಿ. ಪಾಸ್‌ವರ್ಡ್ ಕೇಳಿದರೆ ನಿಮ್ಮದನ್ನು ಕೊಡದೆ, ಪರೀಕ್ಷೆಗೆಂದೇ ಒಂದು ಖಾಲಿ ಖಾತೆ ಮಾಡಿಡಿ.

ಬೋರ್ಡ್ ಬದಲಾದ ದಿನ ಎರಡನ್ನು ನೋಡದೆ ತಂತ್ರಜ್ಞರನ್ನು ಕಳುಹಿಸಬೇಡಿ. ಬಯೋಸ್‌ಗೆ ಹೋಗಿ ಅಲ್ಲಿ ಕಾಣುವ ಸೀರಿಯಲ್ ನಂಬರ್ ಯಂತ್ರದ ಹಿಂಬದಿಯ ಸ್ಟಿಕ್ಕರ್‌ನದ್ದೇ ಆಗಿದೆಯೇ? ಬದಲಿ ಬೋರ್ಡುಗಳಲ್ಲಿ ಆ ಜಾಗ ಖಾಲಿ ಇರಬಹುದು, ತಂತ್ರಜ್ಞರೇ ತುಂಬಬೇಕು. ಮರೆತರೆ ಮುಂದೆ ನಿಮ್ಮ ಯಂತ್ರವನ್ನು ಕಂಪನಿಯ ಸಾಫ್ಟ್‌ವೇರ್ ಗುರುತಿಸುವುದೇ ಇಲ್ಲ, ವಾರಂಟಿಯ ಮಾತು ಮತ್ತೊಂದು ಸುತ್ತು ಹೊಡೆಯುತ್ತದೆ. ಇನ್ನೊಂದು, ವಿಂಡೋಸ್ ಆಕ್ಟಿವೇಟ್ ಆಗಿದೆಯೇ ಎಂಬುದು. ಲೈಸೆನ್ಸ್ ಹಳೇ ಬೋರ್ಡಿಗೆ ಕಟ್ಟಿಕೊಂಡಿರುತ್ತದೆ, ಆಗಿಲ್ಲದಿದ್ದರೆ ಸರಿಪಡಿಸುವುದು ಬೋರ್ಡ್ ಬದಲಿಸಿದವರ ಕೆಲಸ.

ಹೊರಗೆ ತೋರಿಸಿದರೆ ವಾರಂಟಿ ಹೋಗುತ್ತದೆ ಎಂಬ ಮಾತು ಅರ್ಧ ನಿಜ. ಅಮೆರಿಕದಲ್ಲಿ 1975ರ ವಾರಂಟಿ ಕಾಯ್ದೆಯ ಆಧಾರದ ಮೇಲೆ, ‘ಸ್ಟಿಕ್ಕರ್ ಕಿತ್ತರೆ ವಾರಂಟಿ ರದ್ದು’ ಎಂಬಂಥ ಷರತ್ತುಗಳ ಬಗ್ಗೆ ಅಲ್ಲಿನ ವ್ಯಾಪಾರ ಆಯೋಗ 2018ರಲ್ಲಿ ಆರು ಕಂಪನಿಗಳಿಗೆ ಎಚ್ಚರಿಕೆ ಪತ್ರ ಬರೆದಿತ್ತು. ಎಲ್ಲ ದೇಶಗಳಲ್ಲೂ ಹೀಗಿಲ್ಲ, ನಿಮ್ಮ ವಾರಂಟಿ ಕಾಗದವನ್ನೂ ನಿಮ್ಮಲ್ಲಿನ ಗ್ರಾಹಕ ಕಾನೂನನ್ನೂ ನೋಡಬೇಕು. ಮೆಮೊರಿ, ಎಸ್‌ಎಸ್‌ಡಿ ಬದಲಿಸಲು ತಯಾರಕರೇ ಅನುಮತಿ ಕೊಟ್ಟಿರುವ ಮಾಡೆಲ್‌ಗಳು ಬಹಳ ಇವೆ; ಡೆಲ್, ಎಚ್‌ಪಿ, ಲೆನೊವೊ ತಮ್ಮ ಸರ್ವಿಸ್ ಮ್ಯಾನ್ಯುಯಲ್‌ಗಳನ್ನು ಎಲ್ಲರಿಗೂ ಸಿಗುವಂತೆ ಇಟ್ಟಿವೆ. ಆದರೆ ಬಿಚ್ಚುವಾಗ ಮುರಿದ ಕನೆಕ್ಟರ್‌ಗೆ ಯಾವ ವಾರಂಟಿಯೂ ಇಲ್ಲ. ನಿಮ್ಮ ಸಂದರ್ಭದಲ್ಲಿ ನನ್ನ ಸಲಹೆ ನೇರ: ಈ ಎರಡು ತಿಂಗಳು ಸ್ಕ್ರೂ ಮುಟ್ಟಬೇಡಿ. ಕಾನೂನು ನಿಮ್ಮ ಪರ ಇದ್ದರೂ, ‘ಯಾರೋ ಬಿಚ್ಚಿದ್ದಾರೆ’ ಎಂಬ ಒಂದು ಸಾಲು ನೋಟ್‌ಗೆ ಸೇರಿದರೆ ವಾದ ದೋಷದಿಂದ ಸ್ಕ್ರೂಗೆ ಜಾರುತ್ತದೆ. ವಾರಂಟಿ ಮುಗಿದು, ಕಂಪನಿ ಕೈತೊಳೆದುಕೊಂಡರೆ ಬೋರ್ಡಿನ ಬಿಡಿ ಭಾಗಗಳ ಮಟ್ಟದಲ್ಲಿ ಕೆಲಸ ಮಾಡುವ ಸ್ವತಂತ್ರ ರಿಪೇರಿಯವರ ಹತ್ತಿರ ಹೋಗಿ, ಬರೀ ಬೋರ್ಡ್ ಬದಲಿಸುವವರ ಹತ್ತಿರ ಬೇಡ. ಮೊದಲು ಪತ್ತೆಗಷ್ಟೇ ದುಡ್ಡು ಕೊಡಿ. ಬಂದು ಹೋಗುವ ದೋಷ ಅವರಿಗೂ ಕಷ್ಟವೇ, ನಿಮ್ಮ ದಿನಾಂಕಗಳ ಪಟ್ಟಿ ಮತ್ತು ವೀಡಿಯೊ ಅವರಿಗೂ ಬೇಕು.

ಸೋಷಿಯಲ್ ಮೀಡಿಯಾದಲ್ಲಿ ಕೂಗಿದರೆ ಕೆಲಸ ಆಗುತ್ತದೆ ಎನ್ನುತ್ತಾರೆ. ಕೆಲವು ಕಂಪನಿಗಳಲ್ಲಿ ಅದಕ್ಕೆ ಪ್ರತ್ಯೇಕ ತಂಡ ಇರುವುದರಿಂದ ಆಗುವುದೂ ಉಂಟು. ಆದರೆ ಅಲ್ಲಿ ದೂರು ಹಾಕಿದೊಡನೆ ಕಂಪನಿಯ ಹೆಸರು, ಲೋಗೋ ಹೊತ್ತ ನಕಲಿ ಖಾತೆಗಳು ಮೊದಲು ಉತ್ತರಿಸುತ್ತವೆ. ಸೀರಿಯಲ್ ನಂಬರ್, ಫೋನ್ ನಂಬರ್ ಬಹಿರಂಗವಾಗಿ ಹಾಕಬೇಡಿ. ಸಪೋರ್ಟ್ ನಂಬರನ್ನು ಸರ್ಚ್ ಮಾಡಿ ತೆಗೆಯಲೂ ಬೇಡಿ, ಮೇಲ್ಗಡೆ ಬರುವ ಜಾಹೀರಾತು ಯಾರದ್ದೋ ಆಗಿರಬಹುದು. ಪೆಟ್ಟಿಗೆಯ ಜೊತೆ ಬಂದ ಕಾಗದ ಅಥವಾ ಯಂತ್ರದಲ್ಲೇ ಇರುವ ಕಂಪನಿಯ ಆ್ಯಪ್ ಸಾಕು. ವಾರಂಟಿಯಲ್ಲಿರುವ ಯಂತ್ರಕ್ಕೆ ರಿಮೋಟ್ ಸೆಷನ್ ತೆರೆದು, ‘ವೈರಸ್ ಇದೆ, ದುಡ್ಡು ಕಟ್ಟಿ’ ಅಥವಾ ‘ಹಣ ವಾಪಸ್ ಮಾಡುತ್ತೇವೆ, ಬ್ಯಾಂಕ್ ತೆರೆಯಿರಿ’ ಎಂದವರು ಕಂಪನಿಯವರಲ್ಲ. ಕರೆ ಕತ್ತರಿಸಿ, ನೆಟ್ ತೆಗೆಯಿರಿ.

ಇನ್ನೊಂದು ಬಾಗಿಲನ್ನು ಜನ ಮರೆಯುತ್ತಾರೆ: ಮಾರಿದವರು. ಹಲವು ದೇಶಗಳಲ್ಲಿ ತಯಾರಕರ ವಾರಂಟಿಯ ಹೊರತಾಗಿ ಮಾರಾಟಗಾರರಿಗೂ ಕಾನೂನಿನ ಹೊಣೆ ಇದೆ. ಐರೋಪ್ಯ ಒಕ್ಕೂಟದಲ್ಲಿ ಅದು ಕನಿಷ್ಠ 2 ವರ್ಷ. ಎರಡನೇ ರಿಪೇರಿಯೂ ಸೋತರೆ ತಯಾರಕರಿಗೂ ಮಾರಿದವರಿಗೂ ಒಂದೇ ಪತ್ರ ಬರೆದು, ಯಂತ್ರ ಬದಲಿಸಿ ಅಥವಾ ಹಣ ಹಿಂತಿರುಗಿಸಿ ಎಂದು ದಿನಾಂಕ ಹಾಕಿ ಕೇಳಿ. ಬದಲಿಗೆ ಬರುವ ಯಂತ್ರ ರಿಫರ್ಬಿಷ್ಡ್ (ಹಳೆಯದನ್ನು ರಿಪೇರಿ ಮಾಡಿದ್ದು) ಇರಬಹುದು, ಮಾಡೆಲ್ ಬೇರೆ ಇರಬಹುದು, ವಾರಂಟಿ ಹಳೆಯದರ ಉಳಿದ ದಿನಗಳಷ್ಟೇ ಇರಬಹುದು. ಒಪ್ಪುವ ಮುನ್ನ ಮೂರನ್ನೂ ಬರಹದಲ್ಲಿ ಪಡೆಯಿರಿ. ಅದಕ್ಕೂ ಜಗ್ಗದಿದ್ದರೆ ಗ್ರಾಹಕ ವ್ಯಾಜ್ಯ ವೇದಿಕೆ ಇದ್ದೇ ಇದೆ, ಅಲ್ಲಿ ನಿಮ್ಮ ಕೈಯಲ್ಲಿರುವ ಈ ಕಾಗದಗಳೇ ಮಾತಾಡಬೇಕು.

ಸದ್ಯಕ್ಕೆ ಬೋರ್ಡಿಗೆ ಒಪ್ಪಿಗೆ ಕೊಡುವುದನ್ನು ಒಂದು ವಾರ ತಡೆಯಿರಿ. ಮೊದಲು ಬ್ಯಾಕಪ್ ಮತ್ತು ರಿಕವರಿ ಕೀ, ಆಮೇಲೆ ಬ್ಯಾಟರಿ-ಚಾರ್ಜರ್ ಪ್ರಯೋಗ, ಆಮೇಲೆ ಲಿನಕ್ಸ್. ಲಿನಕ್ಸ್‌ನಲ್ಲೂ ಆಫ್ ಆದರೆ ವೀಡಿಯೊ ಸಮೇತ ಹಳೇ ಕೇಸಿಗೆ ಬರೆದು ಬೋರ್ಡಿಗೆ ಒಪ್ಪಿ, ಈ ಸಲ ಚಾರ್ಜರನ್ನೂ ಪೆಟ್ಟಿಗೆಗೆ ಹಾಕಿ. ಲಿನಕ್ಸ್‌ನಲ್ಲಿ ಹಲವು ದಿನ ಗಂಟೆಗಟ್ಟಲೆ ಓಡಿಸಿದರೂ ಆಗಲೇ ಇಲ್ಲ, ವಿಂಡೋಸ್‌ನಲ್ಲಿ ಮಾತ್ರ ಆಗುತ್ತಿದೆ ಎಂದಾದರೆ ಬೋರ್ಡ್ ಬದಲಿಸಿ ಪ್ರಯೋಜನವಾಗದೇ ಹೋಗಬಹುದು. ಆಗ ತಯಾರಕರ ಪುಟದಿಂದಲೇ ಬಯೋಸ್, ಚಿಪ್‌ಸೆಟ್, ಗ್ರಾಫಿಕ್ಸ್ ಅಪ್‌ಡೇಟ್ ಹಾಕಿ, ಬಗ್‌ಚೆಕ್ ಕೋಡ್‌ನ ಸಂಖ್ಯೆಯನ್ನೂ ತಾಪಮಾನದ ಫೈಲಿನ ಕೊನೆಯ ಹತ್ತು ಸಾಲುಗಳನ್ನೂ ನನಗೆ ಕಳುಹಿಸಿ. ನೋಡಿ ಉತ್ತರಿಸುತ್ತೇನೆ.